ಜೆನ್ಸೆನ್ನಾ, ಜಾನ್ಸೆನ್ನಾ? ಪೊಲೀಸ್ ಅಧಿಕಾರಿ ಓಟಿಗೆ ನಿಂತಾಗ

2022ರ ಅಕ್ಟೋಬರ್‌ನಲ್ಲಿ ಮಗಳ ಬಾಣಂತನಕ್ಕೆ ಅಂತ ಕ್ಯಾಲಿಫೋರ್ನಿಯಾದ ಕುಪರ್ಟಿನೊಗೆ ಹೋಗಿದ್ದೆ. ಕೂಸು ಮಲಗಿದಾಗ ಅಡುಗೆಮನೆ ಕಿಟಕಿ ಹತ್ತಿರ ನಿಂತು ಬೀದಿ ನೋಡುವುದೇ ನನಗೆ ಟೈಂಪಾಸು. ಆಗಾಗ ಒಂದು ಪೊಲೀಸ್ ಗಾಡಿ ಮೆಲ್ಲಗೆ ಹಾದುಹೋಗುತ್ತಿತ್ತು. ಅದರ ಮೇಲೆ ‘ಪೊಲೀಸ್’ ಅಂತ ಬರೆದಿರಲಿಲ್ಲ, ‘ಶೆರೀಫ್’ ಅಂತಿತ್ತು. ಇದು ನನ್ನ ಕಣ್ಣಿಗೆ ಬೀಳಲು ನಾಲ್ಕೈದು ದಿನ ಬೇಕಾಯಿತು.

ಅದೇ ವಾರ ಅಳಿಯನ ಹೆಸರಿಗೆ ಅಂಚೆಯಲ್ಲಿ ದಪ್ಪನೆಯ ಲಕೋಟೆ ಬಂತು. ಅದು ಓಟಿನ ಚೀಟಿ. ಕ್ಯಾಲಿಫೋರ್ನಿಯಾದಲ್ಲಿ ಈಗ ನೋಂದಾಯಿತ ಮತದಾರರಿಗೆಲ್ಲ ಚೀಟಿ ಮನೆಗೇ ಬರುತ್ತದೆ. ಮನೆಯಲ್ಲೇ ಗುರುತು ಹಾಕಿ ವಾಪಸ್ ಕಳಿಸಿದರೆ ಆಯಿತು. ಮಗಳದ್ದು ಗ್ರೀನ್ ಕಾರ್ಡ್, ಅವಳಿಗೆ ಓಟಿಲ್ಲ. ಅಳಿಯ ಸಿಟಿಜನ್. ಊಟದ ಟೇಬಲ್ ಮೇಲೆ ಡೈಪರ್ ಪ್ಯಾಕೆಟ್ ಪಕ್ಕಕ್ಕೆ ಸರಿಸಿ ಚೀಟಿ ಬಿಡಿಸಿದ. ಅದರಲ್ಲಿ ಗವರ್ನರ್ ಇದ್ದ, ಸೆನೆಟರ್ ಇದ್ದ. ಕೆಳಗೆಲ್ಲೋ ‘ಶೆರೀಫ್’ ಅಂತ ಒಂದು ಸಾಲು, ಅಲ್ಲಿ ಎರಡು ಹೆಸರು. ಕೆವಿನ್ ಜೆನ್ಸೆನ್ ಮತ್ತು ಬಾಬ್ ಜಾನ್ಸೆನ್. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಕ್ಷರ.

‘ಅಣ್ಣ ತಮ್ಮಂದಿರಾ?’ ಅಂತ ಕೇಳಿದೆ.

‘ಅಲ್ಲ ಅತ್ತೆ. ಸಂಬಂಧವೇ ಇಲ್ಲ. ಇಬ್ಬರೂ ಹಳೇ ಪೊಲೀಸರು.’

‘ಪೊಲೀಸರಿಗೆ ಓಟಾ?’

ಅಳಿಯ ನಕ್ಕ. ಆದರೆ ವಿವರಿಸು ಅಂದಾಗ ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಅದೇ ಊರಿನಲ್ಲಿದ್ದಾನೆ! ಆವತ್ತಿನಿಂದ ಓದಿದ್ದು, ವಿಚಾರಿಸಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಕ್ಯಾಲಿಫೋರ್ನಿಯಾದಲ್ಲಿ ಅಂಥವು 58. ಕುಪರ್ಟಿನೊ ಇರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಜನಸಂಖ್ಯೆ 19 ಲಕ್ಷ, ಊರುಗಳು 15, ಅದರಲ್ಲಿ ಸ್ಯಾನ್ ಹೋಸೆ ದೊಡ್ಡದು. ಸ್ಯಾನ್ ಹೋಸೆ, ಸನಿವೇಲ್, ಪಾಲೊ ಆಲ್ಟೊಗಳಿಗೆ ತಮ್ಮದೇ ಪೊಲೀಸ್ ಇಲಾಖೆ ಇದೆ. ಆ ಊರುಗಳ ಪೊಲೀಸ್ ಮುಖ್ಯಸ್ಥರನ್ನು ನಗರಾಡಳಿತವೇ ನೇಮಿಸುತ್ತದೆ. ಬೇಡವಾದರೆ ತೆಗೆಯುತ್ತದೆ. ಕುಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಈ ಮೂರಕ್ಕೆ ಆ ಇಲಾಖೆಯೇ ಇಲ್ಲ. ಅವು ಕೌಂಟಿಯ ಶೆರೀಫ್ ಜೊತೆ ಗುತ್ತಿಗೆ ಮಾಡಿಕೊಂಡಿವೆ. ದುಡ್ಡು ಕೊಡುತ್ತೇವೆ, ನಿಮ್ಮ ಜನರನ್ನು ನಮ್ಮ ಬೀದಿಗೆ ಕಳಿಸಿ ಅಂತ. ಆಪಲ್ ಕಂಪನಿಯ ಹೆಡ್ಡಾಫೀಸಿರುವ ಊರಿಗೆ ಸ್ವಂತ ಪೊಲೀಸ್ ಇಲ್ಲ ಅಂದರೆ ನಂಬುವುದು ಕಷ್ಟ. ಆದರೆ ಅದು ನಿಜ. ಸಾರಟೋಗದಲ್ಲೋ ಕುಪರ್ಟಿನೊದಲ್ಲೋ ಮನೆ ಮಾಡಿರುವ ಕನ್ನಡದವರ ಮನೆಗೆ ಕಳ್ಳ ನುಗ್ಗಿದರೆ ಬಾಗಿಲಿಗೆ ಬರುವವನು ಶೆರೀಫ್‌ನ ಡೆಪ್ಯುಟಿ.

ಶೆರೀಫ್ ಅನ್ನುವ ಪದವೇ ಹಳೇ ಇಂಗ್ಲೆಂಡಿನದು. ‘ಶಯರ್’ ಅಂದರೆ ಸೀಮೆ. ‘ರೀವ್’ ಅಂದರೆ ಆ ಸೀಮೆಯಲ್ಲಿ ರಾಜನ ಪರವಾಗಿ ಕಂದಾಯ ಎತ್ತುವ, ಕಾನೂನು ನೋಡಿಕೊಳ್ಳುವ ಆಳು. ಎರಡೂ ಸೇರಿ ಶೆರೀಫ್. ಮೈಸೂರು ಸೀಮೆಯ ಅಮಲ್ದಾರರನ್ನು ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ರಾಬಿನ್ ಹುಡ್ ಕಥೆಯ ಖಳನಾಯಕ ನಾಟಿಂಗ್‌ಹ್ಯಾಮ್‌ನ ಶೆರೀಫ್ ಇದೇ ವಂಶದವನು. ಇಂಗ್ಲಿಷರು ಈ ಹುದ್ದೆಯನ್ನು ನಮ್ಮ ದೇಶಕ್ಕೂ ತಂದಿದ್ದರು. ಇಲ್ಲಿ ಅದು ಬರೀ ಅಲಂಕಾರದ ಪದವಿಯಾಗಿ ಉಳಿಯಿತು. ದಿಲೀಪ್ ಕುಮಾರ್, ಸುನಿಲ್ ಗಾವಸ್ಕರ್ ಮುಂಬೈ ಶೆರೀಫ್ ಆಗಿದ್ದರು. ಮದ್ರಾಸಿನಲ್ಲಿ 1998ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. ಅಮೆರಿಕದಲ್ಲಿ ಮಾತ್ರ ರಾಜ ಹೋದ, ರಾಜನ ಆಳು ಉಳಿದುಕೊಂಡ. ಅವನನ್ನು ಇನ್ನು ಯಾರು ನೇಮಿಸಬೇಕು? ಜನ. ಈಗ ಅಲ್ಲಿ ಸುಮಾರು 3,000 ಶೆರೀಫ್‌ಗಳಿದ್ದಾರೆ, ಬಹುತೇಕ ಎಲ್ಲರೂ ಚುನಾಯಿತರು. ಅವಧಿ ಸಾಮಾನ್ಯವಾಗಿ 4 ವರ್ಷ. ನ್ಯೂ ಜೆರ್ಸಿಯಲ್ಲಿ 3, ಮ್ಯಾಸಚುಸೆಟ್ಸ್‌ನಲ್ಲಿ 6. ಕನೆಕ್ಟಿಕಟ್‌ನವರು 2000ದಲ್ಲಿ ಕೌಂಟಿ ಶೆರೀಫ್ ಹುದ್ದೆಯೇ ಬೇಡ ಅಂತ ಓಟು ಹಾಕಿದರು. ಇನ್ನೊಂದು ಕಡೆ, ಫ್ಲಾರಿಡಾದ ಮಯಾಮಿ-ಡೇಡ್ ಕೌಂಟಿ ಅರ್ಧ ಶತಮಾನ ಬಿಟ್ಟು 2024ರಲ್ಲಿ ಮತ್ತೆ ಶೆರೀಫ್‌ರನ್ನು ಚುನಾಯಿಸಿತು.

ಸರಿ, ಶೆರೀಫ್ ಮಾಡುವ ಕೆಲಸ ಏನು? ಗಾಡಿ ಮೇಲಿನ ನಕ್ಷತ್ರ ನೋಡಿ ನಾವೆಲ್ಲ ಅಂದುಕೊಳ್ಳುವುದು ಕಳ್ಳರನ್ನು ಹಿಡಿಯುವುದು ಅಂತ. ಪ್ರಚಾರದ ಫೋಟೋಗಳಲ್ಲೂ ಅದೇ. ಆದರೆ ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕು ಜನರ ಕೆಲಸವನ್ನು ಒಬ್ಬ ಮನುಷ್ಯನ ಕುತ್ತಿಗೆಗೆ ಕಟ್ಟಿದ್ದಾರೆ. ಬೀದಿ ಕಾಯುವ ಎಸ್‌ಪಿ ಅವನೇ. ಕೋರ್ಟಿಗೆ ಕಾವಲು ಕೊಡುವ, ಮನೆ ಖಾಲಿ ಮಾಡಿಸುವ ಆದೇಶ ಹಿಡಿದು ಬಾಗಿಲು ತಟ್ಟುವ ಅಮೀನನೂ ಅವನೇ. ನಮ್ಮಲ್ಲಿ ಡಿಸಿ ಆಫೀಸಿಗೋ ಕಮಿಷನರ್ ಆಫೀಸಿಗೋ ಅಲೆದು ತರುವ ಗನ್ ಲೈಸೆನ್ಸ್ ಇದೆಯಲ್ಲ, ಅಲ್ಲಿ ಬಂದೂಕನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಓಡಾಡುವ ಪರವಾನಗಿಗೆ ಸಹಿ ಹಾಕುವವನೂ ಸಾಮಾನ್ಯವಾಗಿ ಅವನೇ. ಎಲ್ಲಕ್ಕಿಂತ ದೊಡ್ಡ ಕೆಲಸ ನಾಲ್ಕನೆಯದು. ಕೌಂಟಿಯ ಜೈಲು.

ಜೈಲಿನ ವಿಷಯ ಸ್ವಲ್ಪ ನಿಂತು ನೋಡಬೇಕು. ಅಮೆರಿಕದಲ್ಲಿ ಜೈಲು ಬೇರೆ, ಪ್ರಿಸನ್ ಬೇರೆ. ದೊಡ್ಡ ಅಪರಾಧಕ್ಕೆ ಶಿಕ್ಷೆಯಾದವರು ರಾಜ್ಯದ ಪ್ರಿಸನ್‌ಗೆ ಹೋಗುತ್ತಾರೆ. ಕೌಂಟಿ ಜೈಲಿನಲ್ಲಿ ಇರುವವರು ವಿಚಾರಣೆಗೆ ಕಾಯುತ್ತಿರುವವರು, ಜಾಮೀನಿಗೆ ದುಡ್ಡು ಹೊಂದಿಸಲಾಗದವರು, ಸಣ್ಣ ಶಿಕ್ಷೆಯವರು. ಅಂದರೆ ಅಲ್ಲಿರುವ ತುಂಬಾ ಜನರ ಮೇಲೆ ಇನ್ನೂ ಯಾವ ತಪ್ಪೂ ಸಾಬೀತಾಗಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದ ಪ್ರಿಸನ್‌ಗಳು ತುಂಬಿ ತುಳುಕಿ, ಕೈದಿಗಳನ್ನು ಕಮ್ಮಿ ಮಾಡಿ ಅಂತ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿತು. ರಾಜ್ಯ ಸರ್ಕಾರ ಕಾನೂನು ಬದಲಿಸಿ, ಹಿಂಸೆ ಇಲ್ಲದ ಅನೇಕ ಅಪರಾಧಗಳ ಶಿಕ್ಷೆಯನ್ನು ಕೌಂಟಿ ಜೈಲಿನಲ್ಲೇ ಮುಗಿಸಿ ಅಂದಿತು. ಅಲ್ಲಿಯವರೆಗೆ ಹೆಚ್ಚೆಂದರೆ ಒಂದು ವರ್ಷಕ್ಕೆ ಅಂತ ಕಟ್ಟಿದ್ದ ಕಟ್ಟಡದಲ್ಲಿ ಜನ ನಾಲ್ಕೈದು ವರ್ಷ ಕಳೆಯುವ ಹಾಗಾಯಿತು. ಅದರ ಜೊತೆಗೆ ಮಾನಸಿಕ ಕಾಯಿಲೆಯವರು. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಬೀದಿಯಲ್ಲಿ ಗಲಾಟೆ ಮಾಡಿದರೆ ಜೈಲು. ಎಷ್ಟೋ ಕೌಂಟಿಗಳಲ್ಲಿ ಜೈಲೇ ದೊಡ್ಡ ಮಾನಸಿಕ ಆಸ್ಪತ್ರೆ ಅನ್ನುವ ಮಾತು ಅಲ್ಲಿ ಹಳೆಯದು.

ಸಾಂಟಾ ಕ್ಲಾರಾಕ್ಕೆ ಎರಡು ಜೈಲು. ಒಂದು ಸ್ಯಾನ್ ಹೋಸೆಯ ಮೇನ್ ಜೈಲ್, ಇನ್ನೊಂದು ಮಿಲ್ಪಿಟಾಸ್‌ನ ಎಲ್ಮ್‌ವುಡ್. ಮಿಲ್ಪಿಟಾಸ್ ಅಂದರೆ ನಮ್ಮವರಿಗೆ ಇಂಡಿಯನ್ ಅಂಗಡಿ, ಹೋಟೆಲು ನೆನಪಾಗುತ್ತೆ. ಜೈಲು ಇರುವುದು ನಾನು ಕೇಳಿದ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಈ ಹುದ್ದೆಗೆ ಯಾರು ನಿಲ್ಲಬಹುದು ಅನ್ನುವ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾಲಕ್ಕೆ ಯಾರು ಬೇಕಾದರೂ ನಿಲ್ಲಬಹುದಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೈಕಲ್ ಹೆನ್ನೆಸ್ಸಿ ಅಂತ ಒಬ್ಬರು 1979ರಲ್ಲಿ ಗೆದ್ದರು. ಅವರು ಪೊಲೀಸ್ ಅಲ್ಲ, ಕೈದಿಗಳ ಪರ ಕೆಲಸ ಮಾಡುತ್ತಿದ್ದ ವಕೀಲ. 2012ರ ಜನವರಿವರೆಗೆ, 32 ವರ್ಷ, ಅವರೇ ಶೆರೀಫ್. ನಡುವೆ ಕಾನೂನು ಬದಲಾಯಿತು. 1989ರಿಂದ ಅಭ್ಯರ್ಥಿಗೆ ಪೊಲೀಸ್ ಅನುಭವ ಇರಲೇಬೇಕು. ಪೊಲೀಸ್ ತರಬೇತಿಯ ರಾಜ್ಯ ಆಯೋಗ ಕೊಡುವ ಉನ್ನತ ಪ್ರಮಾಣಪತ್ರ ಇದ್ದರೆ ಸಾಕು. ಅದಿಲ್ಲದಿದ್ದರೆ ಓದು ಮತ್ತು ಸೇವೆಯ ಒಂದು ತಕ್ಕಡಿ ಇದೆ. ಬರೀ ಹೈಸ್ಕೂಲ್ ಓದಿದವನಿಗೆ 4 ವರ್ಷದ ಸೇವೆ ಬೇಕು, ಡಿಗ್ರಿ ಇದ್ದರೆ 2, ಸ್ನಾತಕೋತ್ತರ ಪದವಿ ಇದ್ದರೆ 1. ಹೆನ್ನೆಸ್ಸಿ ಮೊದಲೇ ಕುರ್ಚಿಯಲ್ಲಿದ್ದುದರಿಂದ ಅವರಿಗೆ ಈ ನಿಯಮ ತಾಗಲಿಲ್ಲ. ಹಳೇ ನಿಯಮವನ್ನೇ ವಾಪಸ್ ತರೋಣ, ಜೈಲು ನಡೆಸುವುದಕ್ಕೆ ಪೊಲೀಸೇ ಯಾಕಾಗಬೇಕು ಅಂತ 2021ರಲ್ಲಿ ಒಂದು ಮಸೂದೆ ಬಂದಿತ್ತು, ಬಿದ್ದುಹೋಯಿತು.

ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಶೆರೀಫ್ ಚುನಾವಣೆ ಅಂದರೆ ಪೊಲೀಸ್ ವಿರುದ್ಧ ಪೊಲೀಸ್. ‘ಇಷ್ಟು ವರ್ಷದ ಅನುಭವ’ ಅನ್ನುವುದು ಎಲ್ಲರ ಪೋಸ್ಟರ್‌ನಲ್ಲೂ ಇರುತ್ತದೆ. ಎಲ್ಲರಿಗೂ ಇದೆ ಅಂದಮೇಲೆ ಅದು ಆಯ್ಕೆಗೆ ಉಪಯೋಗಕ್ಕೆ ಬರುವುದಿಲ್ಲ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ. ಆ ಅನುಭವ ಎಲ್ಲಿಯದು? ಅದೇ ಇಲಾಖೆಯ ಒಳಗಿನದಾ, ಹೊರಗಿನದಾ?

ಒಳಗಿನವನಿಗೆ ಯಾವ ಬೀಗದ ಕೈ ಯಾವ ಬಾಗಿಲಿಗೆ ಅಂತ ಗೊತ್ತಿರುತ್ತದೆ. ಜೈಲಿನ ರಾತ್ರಿ ಪಾಳಿ ಹೇಗಿರುತ್ತದೆ, ಯಾವ ಸಾರ್ಜೆಂಟ್ ಕೆಲಸ ಮಾಡುತ್ತಾನೆ, ಯಾವನು ಮಾಡಿದ ಹಾಗೆ ನಟಿಸುತ್ತಾನೆ, ಎಲ್ಲ ಬಲ್ಲ. ಆದರೆ ಆ ಸಾರ್ಜೆಂಟ್ ಅವನ ಮಗಳ ಮದುವೆಗೆ ಬಂದು ಊಟ ಮಾಡಿ ಹೋದವನೂ ಆಗಿರುತ್ತಾನೆ. ಹೊರಗಿನವನಿಗೆ ಈ ಋಣ ಇಲ್ಲ. ಕೊಳೆ ತೊಳೆಯುತ್ತೇನೆ ಅಂದರೆ ನಂಬಬಹುದು. ಆದರೆ ಮೊದಲ ವರ್ಷವೆಲ್ಲ ಪೊರಕೆ ಎಲ್ಲಿಟ್ಟಿದ್ದಾರೆ ಅಂತ ಹುಡುಕುವುದರಲ್ಲೇ ಹೋಗುತ್ತದೆ. ನಮ್ಮ ಬ್ಯಾಂಕುಗಳಲ್ಲಿ, ಸೊಸೈಟಿಗಳಲ್ಲಿ ಹೊಸ ಮ್ಯಾನೇಜರ್ ಬಂದಾಗ ನೋಡಿಲ್ಲವಾ?

ನಮ್ಮ ಚೀಟಿಯ ಜೆನ್ಸೆನ್ ಒಳಗಿನವರು. ಅದೇ ಶೆರೀಫ್ ಇಲಾಖೆಯಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದವರು. 2014ರಲ್ಲಿ ಆಗಿನ ಶೆರೀಫ್ ವಿರುದ್ಧವೇ ನಿಂತು ಸೋತಿದ್ದರು. ಜಾನ್ಸೆನ್ ಹೊರಗಿನವರು. ಲಾಸ್ ಏಂಜಲೀಸ್ ಕೌಂಟಿಯ ಶೆರೀಫ್ ಇಲಾಖೆಯಲ್ಲಿ ಕಾಲು ಶತಮಾನ ದುಡಿದು, ಆಮೇಲೆ ಮೆನ್ಲೊ ಪಾರ್ಕ್‌ನಲ್ಲಿ, 2018ರಿಂದ ಪಾಲೊ ಆಲ್ಟೊದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದವರು. ಅವರ ಕಾಲದಲ್ಲಿ, 2021ರ ಜನವರಿಯಲ್ಲಿ, ಪಾಲೊ ಆಲ್ಟೊ ಪೊಲೀಸರ ರೇಡಿಯೊ ಮಾತುಕತೆ ಹೊರಗಿನವರಿಗೆ ಕೇಳದ ಹಾಗೆ ಗೂಢಲಿಪಿಗೆ ಹೋಯಿತು. ಖಾಸಗಿ ಮಾಹಿತಿ ಸೋರಬಾರದು ಅಂತ ರಾಜ್ಯ ಸರ್ಕಾರ ಹೇಳಿದ್ದೇ ಕಾರಣ ಅಂತ ಇಲಾಖೆ ಹೇಳಿತು. ಸ್ಥಳೀಯ ಪತ್ರಕರ್ತರು ಒಪ್ಪಲಿಲ್ಲ, ದೊಡ್ಡ ಜಗಳವೇ ಆಯಿತು. ‘35 ವರ್ಷದ ಸೇವೆ’ ಅನ್ನುವ ಪೋಸ್ಟರ್‌ಗಿಂತ ಇಂಥ ಒಂದು ನಿರ್ಧಾರ ಮನುಷ್ಯನ ಬಗ್ಗೆ ಜಾಸ್ತಿ ಹೇಳುತ್ತದೆ.

ಚೀಟಿಯ ಬಗ್ಗೆ ಒಂದು ಸಣ್ಣ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಯ ಹುದ್ದೆಗಳಿಗೆ ಪಕ್ಷ ಇಲ್ಲ. ಕಮಲ, ಕೈ ತರಹದ ಚಿಹ್ನೆಯೂ ಇಲ್ಲ. ಅಭ್ಯರ್ಥಿಯ ಹೆಸರಿನ ಕೆಳಗೆ ಅವನ ಕಸುಬು ಬರೆಯಬಹುದು, ಹೆಚ್ಚೆಂದರೆ ಮೂರು ಪದ. ಆ ಮೂರು ಪದಕ್ಕಾಗಿ ಕೋರ್ಟಿಗೆ ಹೋದವರಿದ್ದಾರೆ. ಯಾಕೆಂದರೆ ಪ್ರಚಾರ ಕೇಳದ, ಸಭೆಗೆ ಹೋಗದ ಸಾವಿರಾರು ಮತದಾರರು ನೋಡುವುದು ಅಷ್ಟನ್ನೇ. ಹೆಸರುಗಳ ಕ್ರಮವೂ ಅಕಾರಾದಿ ಅಲ್ಲ. ಪ್ರತಿ ಚುನಾವಣೆಗೂ ರಾಜ್ಯದವರು ಅಕ್ಷರಗಳ ಚೀಟಿ ಎತ್ತಿ ಹೊಸ ಕ್ರಮ ಮಾಡುತ್ತಾರೆ. ಮೊದಲ ಹೆಸರಿಗೆ ಸುಮ್ನೆ ಓಟು ಬೀಳುತ್ತದೆ ಅನ್ನುವುದು ಅವರಿಗೂ ಗೊತ್ತು.

ಇನ್ನೊಂದು ನಿಯಮ ನನಗೆ ಹಿಡಿಸಿತು. ಸಮವಸ್ತ್ರ ಹಾಕಿಕೊಂಡು ರಾಜಕೀಯ ಮಾಡುವ ಹಾಗಿಲ್ಲ. ನೌಕರಿಯಲ್ಲಿದ್ದುಕೊಂಡೇ ಶೆರೀಫ್ ಸ್ಥಾನಕ್ಕೆ ನಿಲ್ಲಬಹುದು, ಅದೂ ತನ್ನ ಮೇಲಧಿಕಾರಿಯ ವಿರುದ್ಧವೇ. ಬೆಳಗ್ಗೆ ಸಲ್ಯೂಟ್, ಸಂಜೆ ಅವನ ವಿರುದ್ಧ ಭಾಷಣ. ಆದರೆ ಭಾಷಣಕ್ಕೆ ಮುಂಚೆ ಯೂನಿಫಾರ್ಮ್ ಬಿಚ್ಚಿಡಬೇಕು.

ನಮ್ಮಲ್ಲೂ ಪೊಲೀಸರು ಚುನಾವಣೆಗೆ ಬರುತ್ತಾರೆ. ಬೆಂಗಳೂರಿನ ಪೊಲೀಸ್ ಕಮಿಷನರ್ ಆಗಿದ್ದ ಭಾಸ್ಕರ್ ರಾವ್ 2023ರಲ್ಲಿ ಚಾಮರಾಜಪೇಟೆಯಿಂದ ನಿಂತು ಸೋತರು. ಉಡುಪಿ, ಚಿಕ್ಕಮಗಳೂರಿನಲ್ಲಿ ಎಸ್‌ಪಿ ಆಗಿದ್ದ ಅಣ್ಣಾಮಲೈ 2019ರಲ್ಲಿ ಕೆಲಸ ಬಿಟ್ಟು ತಮಿಳುನಾಡಿನ ರಾಜಕೀಯಕ್ಕೆ ಹೋದರು. ಆದರೆ ಅವರು ಕೇಳಿದ್ದು ಎಂಎಲ್ಎ ಸ್ಥಾನ. ಎಸ್‌ಪಿ ಕುರ್ಚಿಗೇ ಓಟು ಕೇಳುವುದು ನಮ್ಮ ತಲೆಗೆ ಹೋಗುವುದಿಲ್ಲ. ನಮ್ಮ ಎಸ್‌ಪಿಗೆ ಇರುವ ಭಯ ವರ್ಗಾವಣೆ. ಎಂಎಲ್ಎ ಮುನಿಸಿಕೊಂಡರೆ ಪೆಟ್ಟಿಗೆ ಕಟ್ಟಬೇಕು. ಕನಿಷ್ಠ ಎರಡು ವರ್ಷ ಒಂದೇ ಕಡೆ ಬಿಡಿ ಅಂತ 2006ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು. ಶೆರೀಫ್‌ಗೆ ಈ ಭಯ ಒಂದು ಚೂರೂ ಇಲ್ಲ. ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ? ನನಗೂ ಮೊದಲು ಹಾಗೇ ಅನಿಸಿತು. ಆಮೇಲೆ ಲಾರಿ ಸ್ಮಿತ್ ಕಥೆ ಓದಿದೆ.

ಲಾರಿ ಸ್ಮಿತ್ ಸಾಂಟಾ ಕ್ಲಾರಾದ ಶೆರೀಫ್ ಇಲಾಖೆಗೆ ಸೇರಿದ್ದು 1973ರಲ್ಲಿ. ಒಳಗೇ ಮೇಲೇರಿ 1998ರಲ್ಲಿ ಶೆರೀಫ್ ಚುನಾವಣೆ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಆ ಹುದ್ದೆಗೆ ಚುನಾಯಿತರಾದ ಮೊದಲ ಹೆಂಗಸು. ಒಂದಲ್ಲ ಎರಡಲ್ಲ, ಆರು ಸಲ ಗೆದ್ದರು. ಅನುಭವದ ಮಾತಾದರೆ ಇವರಿಗಿಂತ ಅನುಭವಿ ಇನ್ನೊಬ್ಬರಿಲ್ಲ.

2015ರಲ್ಲಿ ಮೇನ್ ಜೈಲಿನಲ್ಲಿ ಒಬ್ಬ ಕೈದಿ ಸತ್ತ. ಮಾನಸಿಕ ಕಾಯಿಲೆ ಇದ್ದವನು, ಒಳಗಿದ್ದದ್ದು ಸಣ್ಣ ಕೇಸಿಗೆ. ಹೊಡೆದು ಕೊಂದರು ಅಂತ ಮೂವರು ಜೈಲು ಸಿಬ್ಬಂದಿಯ ಮೇಲೆ ಕೊಲೆ ಆರೋಪ ಬಂತು. ಕೌಂಟಿ ಒಂದು ಆಯೋಗ ಮಾಡಿತು. ನಿವೃತ್ತ ನ್ಯಾಯಾಧೀಶೆ ಲಾಡೋರಿಸ್ ಕಾರ್ಡೆಲ್ ಅದರ ಅಧ್ಯಕ್ಷೆ. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಹೊರಗಿನಿಂದ ಕಣ್ಣಿಡುವವರು ಬೇಕು ಅಂತ ಆಯೋಗ ಹೇಳಿತು. ಕೌಂಟಿ ಅಂಥ ಒಂದು ಕಚೇರಿ ಮಾಡಿತು. 2018ರಲ್ಲಿ ಇನ್ನೊಂದು ಘಟನೆ. ಎಲ್ಮ್‌ವುಡ್‌ನಿಂದ ಮೇನ್ ಜೈಲಿಗೆ ಸಾಗಿಸುತ್ತಿದ್ದ ವ್ಯಾನಿನಲ್ಲಿ ಒಬ್ಬ ಕೈದಿ ತಲೆ ಚಚ್ಚಿಕೊಳ್ಳುತ್ತಿದ್ದ. ಅವನಿಗೂ ಮಾನಸಿಕ ಕಾಯಿಲೆ. ವ್ಯಾನ್ ಮುಟ್ಟಿದ ಮೇಲೂ ಸಹಾಯ ತಕ್ಷಣ ಸಿಗಲಿಲ್ಲ. ಮಿದುಳಿಗೆ ಶಾಶ್ವತ ಪೆಟ್ಟು. ಕೌಂಟಿ ಆ ಕುಟುಂಬಕ್ಕೆ 1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ದುಡ್ಡು ಶೆರೀಫ್ ಜೇಬಿನದಲ್ಲ, ತೆರಿಗೆಯವರದು. ಮಗಳು ಅಳಿಯ ಕಟ್ಟುವ ಮನೆ ತೆರಿಗೆಯೂ ಅದರಲ್ಲಿ ಸೇರಿದೆ.

ಇಷ್ಟಾದರೂ ಅದೇ ವರ್ಷ ಸ್ಮಿತ್ ಮತ್ತೆ ಗೆದ್ದರು. ಯಾಕೆ ಅಂದರೆ ಜೈಲಿನ ಸುದ್ದಿ ಓಟು ಹಾಕುವವರ ಬೀದಿಗೆ ಬರುವುದಿಲ್ಲ. ಕುಪರ್ಟಿನೊದವರಿಗೆ ಗಾಡಿ ಸರಿಯಾದ ಟೈಮಿಗೆ ಬಂದರೆ ಶೆರೀಫ್ ಒಳ್ಳೆಯವರೇ. ಜೈಲಿನ ಒಳಗಿರುವವರು, ಅವರ ಅಮ್ಮ ಅಪ್ಪಂದಿರು ಎಷ್ಟು ಜನ, ಅವರಲ್ಲಿ ಓಟು ಹಾಕುವವರೆಷ್ಟು?

ಕೊನೆಗೆ ಸ್ಮಿತ್ ಎಡವಿದ್ದು ಜೈಲಿಗಿಂತ ಜಾಸ್ತಿ ಬಂದೂಕಿನ ಪರವಾನಗಿಯಲ್ಲಿ. ಆಗ ಕ್ಯಾಲಿಫೋರ್ನಿಯಾದಲ್ಲಿ ‘ಸರಿಯಾದ ಕಾರಣ’ ಇದೆ ಅಂತ ಶೆರೀಫ್‌ಗೆ ಅನಿಸಿದರೆ ಮಾತ್ರ ಪರವಾನಗಿ. ಅನಿಸುವುದು ಬಿಡುವುದು ಶೆರೀಫ್ ಇಷ್ಟ. ಲೈಸೆನ್ಸ್ ರಾಜ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಚುನಾವಣೆಗೆ ದುಡ್ಡು ಕೊಟ್ಟವರ, ದೊಡ್ಡವರ ಅರ್ಜಿ ಓಡುತ್ತವೆ, ಸಾಮಾನ್ಯರದ್ದು ಕಪಾಟಿನಲ್ಲಿ ಕೊಳೆಯುತ್ತವೆ ಅನ್ನುವುದು ಆರೋಪದ ತಿರುಳು. ಐಸ್ ಹಾಕಿ ಮ್ಯಾಚಿನ ಐಷಾರಾಮಿ ಬಾಕ್ಸ್‌ನಲ್ಲಿ ಕೂತು ನೋಡಿದ್ದನ್ನು ಉಡುಗೊರೆಗಳ ಲೆಕ್ಕದಲ್ಲಿ ತೋರಿಸಲಿಲ್ಲ ಅನ್ನುವುದೂ ಇತ್ತು. ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಈ ‘ಸರಿಯಾದ ಕಾರಣ’ದ ಪದ್ಧತಿಯನ್ನೇ ಬೀಳಿಸಿತು, ಆ ಮಾತು ಬೇರೆ.

ಇಂಥ ಶೆರೀಫ್‌ರನ್ನು ತೆಗೆಯುವುದು ಹೇಗೆ? ಇಲ್ಲೇ ಗಂಟಿರುವುದು. ಕೌಂಟಿಯನ್ನು ಆಳುವುದು ಸೂಪರ್‌ವೈಸರ್‌ಗಳು ಅನ್ನುವ ಐದು ಜನ ಚುನಾಯಿತರು. ನಮ್ಮ ಜಿಲ್ಲಾ ಪಂಚಾಯಿತಿ ಅಂತ ಇಟ್ಟುಕೊಳ್ಳಿ, ಅಧಿಕಾರ ಮಾತ್ರ ಜಾಸ್ತಿ. ಶೆರೀಫ್ ಇಲಾಖೆಗೆ ದುಡ್ಡು ಕೊಡುವವರು ಅವರು. ಆದರೆ ಶೆರೀಫ್ ಅವರ ಕೈಕೆಳಗಿನವರಲ್ಲ. ಬಯ್ಯಬಹುದು, ಅವಿಶ್ವಾಸ ಅಂತ ನಿರ್ಣಯ ಮಾಡಬಹುದು, ಮನೆಗೆ ಕಳಿಸುವ ಹಾಗಿಲ್ಲ. ಶೆರೀಫ್‌ರನ್ನು ಜನ ಆರಿಸಬೇಕು ಅಂತ ರಾಜ್ಯದ ಸಂವಿಧಾನದಲ್ಲೇ ಇದೆ. ರಾಜ್ಯದ ಅಟಾರ್ನಿ ಜನರಲ್‌ಗೆ ಮೇಲ್ವಿಚಾರಣೆಯ ಅಧಿಕಾರ ಕಾಗದದ ಮೇಲೆ ಇದೆ. ಬಳಸುವುದು ಅಪರೂಪ. ಉಳಿಯುವ ದಾರಿ ಎರಡು. ಒಂದು, ಸಾವಿರಾರು ಸಹಿ ಸಂಗ್ರಹಿಸಿ, ಅವಧಿಗೆ ಮುಂಚೆಯೇ ಓಟು ಹಾಕಿ ಜನರೇ ವಾಪಸ್ ಕರೆಸುವುದು. ಇನ್ನೊಂದು, ಸಿವಿಲ್ ಗ್ರ್ಯಾಂಡ್ ಜ್ಯೂರಿ. 19 ಜನ ಸಾಮಾನ್ಯ ನಾಗರಿಕರ ಈ ತಂಡ ವರ್ಷಪೂರ್ತಿ ಕೌಂಟಿಯ ಕೆಲಸಗಳನ್ನು ಪರಿಶೀಲಿಸುತ್ತದೆ. ಯಾವುದಾದರೂ ಅಧಿಕಾರಿ ಬೇಕಂತಲೇ ಕರ್ತವ್ಯ ಕೆಡಿಸಿದ್ದಾನೆ ಅನಿಸಿದರೆ ಕೋರ್ಟಿನಲ್ಲಿ ಆರೋಪ ಹೊರಿಸಬಹುದು. ಸಾಬೀತಾದರೆ ಜೈಲಿಲ್ಲ, ದಂಡವಿಲ್ಲ. ಕುರ್ಚಿ ಹೋಗುತ್ತದೆ, ಅಷ್ಟೇ.

2021ರ ಡಿಸೆಂಬರ್‌ನಲ್ಲಿ ಆ ಜ್ಯೂರಿ ಸ್ಮಿತ್ ಮೇಲೆ 7 ಆರೋಪ ಹೊರಿಸಿತು. ಆಕೆ ಎಲ್ಲ ನಿರಾಕರಿಸಿದರು. ಇನ್ನೊಮ್ಮೆ ನಿಲ್ಲುವುದಿಲ್ಲ ಅಂತ 2022ರ ಮಾರ್ಚ್‌ನಲ್ಲಿ ಹೇಳಿದರು. ವಿಚಾರಣೆ ಆ ಶರತ್ಕಾಲದಲ್ಲಿ ನಡೆಯಿತು, ಅಂದರೆ ನಾನು ಅಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಹೊತ್ತಿಗೇ. ತೀರ್ಪು ಹೇಳುವ ಇನ್ನೊಂದು ನಾಗರಿಕರ ತಂಡ, ಅಂದರೆ ಕೋರ್ಟಿನ ಜ್ಯೂರಿ, ಕೋಣೆಯಲ್ಲಿ ಕೂತು ಯೋಚಿಸುತ್ತಿದ್ದಾಗ, ಅಕ್ಟೋಬರ್ 31ರಂದು, ಸ್ಮಿತ್ ರಾಜೀನಾಮೆ ಕೊಟ್ಟರು. ಆವತ್ತು ಹ್ಯಾಲೋವೀನ್. ಬೀದಿ ಮಕ್ಕಳೆಲ್ಲ ದೆವ್ವದ ವೇಷ ಹಾಕಿಕೊಂಡು ಮಿಠಾಯಿಗೆ ಬರುತ್ತಿದ್ದರು. ಒಬ್ಬ ಹುಡುಗ ಎದೆಗೆ ತಗಡಿನ ನಕ್ಷತ್ರ ಸಿಕ್ಕಿಸಿಕೊಂಡು ಶೆರೀಫ್ ಆಗಿ ಬಂದಿದ್ದ. ಅಳಿಯ ಅವನಿಗೆ ಎರಡು ಚಾಕೊಲೇಟ್ ಜಾಸ್ತಿ ಹಾಕಿದ. ಕುರ್ಚಿ ಬಿಟ್ಟಮೇಲೆ ಕೇಸ್ ಯಾಕೆ ಅಂತ ಸ್ಮಿತ್ ಪರ ವಕೀಲರು ವಾದ ಮಾಡಿದರು, ನ್ಯಾಯಾಧೀಶೆ ಒಪ್ಪಲಿಲ್ಲ. ನವೆಂಬರ್ 3ರಂದು ತೀರ್ಪು ಬಂತು. 6 ಆರೋಪಗಳಲ್ಲಿ ತಪ್ಪಿತಸ್ಥೆ. ಹೊರಿಸಿದ್ದ 7 ಆರೋಪಗಳಲ್ಲೊಂದು ಆ ವ್ಯಾನಿನ ಘಟನೆಯ ಬಗ್ಗೆ ಕಣ್ಗಾವಲು ಕಚೇರಿಗೆ ಸಹಕರಿಸದೇ ಇದ್ದದ್ದು. ಚುನಾವಣೆಗೆ ಐದೇ ದಿನ ಬಾಕಿ.

ಜೂನ್‌ನಲ್ಲೇ ಮೊದಲ ಸುತ್ತು ಮುಗಿದಿತ್ತು. ಅರ್ಧಕ್ಕಿಂತ ಜಾಸ್ತಿ ಓಟು ಯಾರಿಗೂ ಬರದಿದ್ದರೆ ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಐವರಲ್ಲಿ ಉಳಿದವರೇ ನಮ್ಮ ಜೆನ್ಸೆನ್, ಜಾನ್ಸೆನ್. ಇಬ್ಬರೂ ಸ್ಮಿತ್ ಕಾಲದ ಕೊಳೆ ತೊಳೆಯುತ್ತೇವೆ ಅಂದವರೇ. ಹಾಗಾಗಿ ಪ್ರಶ್ನೆ ಮತ್ತೆ ಅಲ್ಲಿಗೇ ಬಂತು. ಮನೆ ಗೊತ್ತಿರುವವನಾ, ಋಣ ಇಲ್ಲದವನಾ? ಎಣಿಕೆ ದಿನಗಟ್ಟಲೆ ಎಳೆಯಿತು. ಕೊನೆಗೆ ಸಣ್ಣ ಅಂತರದಲ್ಲಿ ಹೊರಗಿನವರು, ಅಂದರೆ ಜಾನ್ಸೆನ್, ಗೆದ್ದರು. ಮತದಾರರು ಬೇಕಂತಲೇ ಹೊರಗಿನವರನ್ನು ಆರಿಸಿದರು ಅಂತ ಆಮೇಲೆ ವಿಶ್ಲೇಷಣೆ ಓದಿದೆ. ಇರಬಹುದು. ಹೆಸರು ಅದಲುಬದಲು ಮಾಡಿಕೊಂಡು ಗುರುತು ಹಾಕಿದವರು ಎಷ್ಟೋ, ಅದನ್ನು ಎಣಿಸುವ ಯಂತ್ರ ಎಲ್ಲಿದೆ?

ಒಂದು ತಮಾಷೆ. ಓಟು ಹಾಕಿದವರು ತುಂಬಾ ಜನ ನಾಲ್ಕು ವರ್ಷಕ್ಕೆ ಅಂತ ಹಾಕಿದರು, ಸಿಕ್ಕಿದ್ದು ಆರು ವರ್ಷ. ಶೆರೀಫ್ ಚುನಾವಣೆಯನ್ನು ಅಧ್ಯಕ್ಷರ ಚುನಾವಣೆಯ ವರ್ಷಕ್ಕೇ ತರಬೇಕು, ಆಗ ಜಾಸ್ತಿ ಜನ ಓಟು ಹಾಕುತ್ತಾರೆ ಅಂತ ಕ್ಯಾಲಿಫೋರ್ನಿಯಾ ಅದೇ 2022ರಲ್ಲಿ ಕಾನೂನು ಮಾಡಿತು. ಹಾಗಾಗಿ ಆ ವರ್ಷ ಗೆದ್ದವರಲ್ಲಿ ಹೆಚ್ಚಿನವರಿಗೆ ಎರಡು ವರ್ಷ ಬೋನಸ್. ಸಾಂಟಾ ಕ್ಲಾರಾದಲ್ಲಿ ಮುಂದಿನ ಚುನಾವಣೆ 2028ರಲ್ಲಿ.

ವೀಸಾದಲ್ಲಿರುವ ನಮ್ಮವರು ಅನೇಕರು ಕೇಳುವುದು ಒಂದೇ. ಓಟಿಲ್ಲದ ನಮಗೆ ಶೆರೀಫ್ ಯಾರಾದರೇನು? ಅಮೆರಿಕದ ಬೇರೆ ಎಷ್ಟೋ ರಾಜ್ಯಗಳಲ್ಲಿ ಶೆರೀಫ್ ವಲಸೆ ಇಲಾಖೆ ಜೊತೆ ಒಪ್ಪಂದ ಮಾಡಿಕೊಂಡು ಜೈಲಿಗೆ ಬಂದವರ ಕಾಗದಪತ್ರ ತಪಾಸಣೆ ಮಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು ಅದನ್ನು ಬಹಳ ಮಟ್ಟಿಗೆ ಕಟ್ಟಿಹಾಕಿದೆ. ಅರಿಜೋನಾದ ಮ್ಯಾರಿಕೋಪ ಕೌಂಟಿಯ ಜೋ ಅರ್ಪಾಯೊ ಹೆಸರು ಕೇಳಿರಬಹುದು. 24 ವರ್ಷ ಶೆರೀಫ್. ಬಿಸಿಲಿನಲ್ಲಿ ಡೇರೆ ಹಾಕಿ ಕೈದಿಗಳನ್ನಿಟ್ಟ, ಅವರಿಗೆ ಗುಲಾಬಿ ಬಣ್ಣದ ಒಳಉಡುಪು ತೊಡಿಸಿದ, ಅದನ್ನೇ ಪ್ರಚಾರಕ್ಕೆ ಬಳಸಿದ. ಬಣ್ಣ ನೋಡಿ ಗಾಡಿ ತಡೆಯಬೇಡ ಅಂತ ಕೋರ್ಟ್ ಹೇಳಿದರೂ ಕೇಳಲಿಲ್ಲ. 2016ರಲ್ಲಿ ಫೀನಿಕ್ಸ್ ಪೊಲೀಸ್‌ನ ನಿವೃತ್ತ ಸಾರ್ಜೆಂಟ್ ಪಾಲ್ ಪೆನ್ಜೋನ್ ಅವನನ್ನು ಸೋಲಿಸಿದರು. ಮರುವರ್ಷ ನ್ಯಾಯಾಂಗ ನಿಂದನೆಯಲ್ಲಿ ಅರ್ಪಾಯೊ ತಪ್ಪಿತಸ್ಥ ಅಂತಾಯಿತು, ಮುಂದಿನ ತಿಂಗಳೇ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು.

ಹೊರಗಿನವರೇ ಒಳ್ಳೆಯವರು ಅಂತ ಇಷ್ಟು ಓದಿ ಅಂದುಕೊಂಡರೆ ತಪ್ಪು. ಲಾಸ್ ಏಂಜಲೀಸ್‌ನವರು ಎರಡೂ ರುಚಿ ನೋಡಿದ್ದಾರೆ. 2018ರಲ್ಲಿ ಒಳಗಿನ ನಿವೃತ್ತ ಲೆಫ್ಟಿನೆಂಟ್ ಅಲೆಕ್ಸ್ ವಿಯಾನುಯೇವಾ, ಹೊರಗಿನಿಂದ ಬಂದಿದ್ದ ಶೆರೀಫ್‌ರನ್ನು ಸೋಲಿಸಿದರು. 2022ರಲ್ಲಿ ಅವರನ್ನೂ ಸೋಲಿಸಿದ್ದು ಇನ್ನೊಬ್ಬ ಹೊರಗಿನವರು, ಲಾಂಗ್ ಬೀಚ್‌ನ ನಿವೃತ್ತ ಪೊಲೀಸ್ ಮುಖ್ಯಸ್ಥ ರಾಬರ್ಟ್ ಲೂನಾ. ಅದೇ ಚೀಟಿಯಲ್ಲಿ ಜನ ಇನ್ನೊಂದಕ್ಕೂ ಹೂಂ ಅಂದರು. ಐವರು ಸೂಪರ್‌ವೈಸರ್‌ಗಳಲ್ಲಿ ನಾಲ್ವರು ಒಪ್ಪಿದರೆ ಶೆರೀಫ್‌ರನ್ನು ತೆಗೆಯಬಹುದು.

ಈ ದಾರಿಯನ್ನು ಕೊನೆವರೆಗೂ ನಡೆದು ನೋಡಿದ್ದು ಸಾಂಟಾ ಕ್ಲಾರಾದ ಪಕ್ಕದ ಸ್ಯಾನ್ ಮಟೇಯೊ ಕೌಂಟಿ. ಅಲ್ಲಿ 2022ರಲ್ಲಿ ಕ್ರಿಸ್ಟೀನಾ ಕೋರ್ಪಸ್ ಅನ್ನುವ ಕ್ಯಾಪ್ಟನ್ ತಮ್ಮ ಮೇಲಧಿಕಾರಿಯ ವಿರುದ್ಧವೇ ನಿಂತು ಗೆದ್ದರು. ಎರಡು ವರ್ಷದಲ್ಲಿ ಇಲಾಖೆ ಒಡೆದುಹೋಯಿತು. ಆಪ್ತರೊಬ್ಬರಿಗೆ ಹುದ್ದೆ ಕೊಟ್ಟರು, ಎದುರು ನಿಂತವರ ಮೇಲೆ ಸೇಡು ತೀರಿಸಿಕೊಂಡರು ಅನ್ನುವ ಆರೋಪ ಬಂತು. ಕೋರ್ಪಸ್ ಎಲ್ಲವನ್ನೂ ಅಲ್ಲಗಳೆದರು. ಕೌಂಟಿ ತನಿಖೆಗೆ ಕರೆದದ್ದು ಅದೇ ಲಾಡೋರಿಸ್ ಕಾರ್ಡೆಲ್ ಅವರನ್ನು. 2024ರ ನವೆಂಬರ್‌ನಲ್ಲಿ 400ಕ್ಕೂ ಹೆಚ್ಚು ಪುಟದ ವರದಿ ಬಂತು, ಶೆರೀಫ್ ಇಳಿಯಬೇಕು ಅಂತ. ಆಕೆ ಇಳಿಯಲಿಲ್ಲ. ಇಳಿಸುವ ಅಧಿಕಾರವೂ ಸೂಪರ್‌ವೈಸರ್‌ಗಳಿಗೆ ಇರಲಿಲ್ಲ. ಹಾಗಾಗಿ 2025ರ ಮಾರ್ಚ್‌ನಲ್ಲಿ ಅದೊಂದಕ್ಕೇ ಚುನಾವಣೆ ಮಾಡಿ ಜನರಿಂದ ಅಧಿಕಾರ ಕೇಳಿದರು. ಓಟು ಹಾಕಿದವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಸರಿ ಅಂದರು. ವಿಚಾರಣೆ ಮುಗಿಸಿ ಅಕ್ಟೋಬರ್‌ನಲ್ಲಿ ಐವರೂ ಒಟ್ಟಾಗಿ ಆಕೆಯನ್ನು ತೆಗೆದರು. ಈ ಅಧಿಕಾರ ಶಾಶ್ವತ ಅಲ್ಲ, 2028ರ ಕೊನೆವರೆಗೆ ಮಾತ್ರ.

ಮಗಳು ಈಗ ಸಿಟಿಜನ್. 2028ರಲ್ಲಿ ಆ ಮನೆಗೆ ಎರಡು ಲಕೋಟೆ ಬರುತ್ತವೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಶೆರೀಫ್ ವಿಷಯ ಎತ್ತಿದೆ. ‘ಅಮ್ಮ, ಈ ಸಲನಾದ್ರೂ ಬೇರೆ ಬೇರೆ ಹೆಸರಿನವರು ನಿಲ್ಲಲಿ’ ಅಂದಳು.